ನೇರ ಚುಕ್ಕಿ, ಮಧ್ಯ ಚುಕ್ಕಿ

ಯಲಹಂಕ ಉಪನಗರದ ಒಂದು ಸಣ್ಣ ಸಭಾಂಗಣದಲ್ಲಿ ಮೊನ್ನೆ ಗಮಕ ಕೇಳಿದೆ. ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದರೂ ಶ, ಷ, ಸ ಮೂರೂ ಬೇರೆ ಬೇರೆಯಾಗಿ ಕಿವಿಗೆ ಬಿದ್ದವು. ಹಿಂದೆ ಅಲ್ಲಿ ವೇದಿಕೆಯ ಎಡಬಲಕ್ಕೆ ಎರಡು ಉದ್ದನೆಯ ಪೆಟ್ಟಿಗೆಗಳಿದ್ದವು. ಮುಂದೆ ಕೂತವರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಹಿಂದಿನವರು ಕಿವಿಗೆ ಕೈ ಆನಿಸುತ್ತಿದ್ದರು. ಈಗ ದನಿ ಸೂರಿನಿಂದ ಇಳಿಯುತ್ತದೆ.

ಸೂರಿಗೆ ಸ್ಪೀಕರ್ ಕೂರಿಸುವುದೆಂದರೆ ಬರೀ ವೈರಿಂಗ್ ಅಂದುಕೊಂಡಿದ್ದೆ. ಕೆಲಸ ನಡೆಯುವಾಗ ಹೋಗಿ ನೋಡಿದರೆ ಹುಡುಗ ಇನ್ನೂ ಏಣಿಯನ್ನೇ ಮುಟ್ಟಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟು, ದಾರ ಹಿಡಿದು ಸುತ್ತಲೂ ವೃತ್ತ ಎಳೆಯುತ್ತಿದ್ದ. ಕಸ ಗುಡಿಸಲು ಬಂದ ಅಜ್ಜಿ, “ಏನಪ್ಪಾ, ರಂಗೋಲಿ ಹಾಕ್ತಿದೀಯಾ?” ಅಂದರು. “ಹೂಂ ಅಜ್ಜಿ, ನಾಲ್ಕು ಮೂರ್ಲೆ ಹನ್ನೆರಡು, ನೇರ ಚುಕ್ಕಿ.”

ಲೆಕ್ಕ ಸೊಗಸಾಗಿದೆ. ಸೂರು 10 ಅಡಿ, ಕುರ್ಚಿಯಲ್ಲಿ ಕೂತವರ ಕಿವಿ 4 ಅಡಿ, ನಡುವೆ 6. ಸ್ಪೀಕರಿನ ಹರವು 90 ಡಿಗ್ರಿಯಾದರೆ ಕಿವಿಯ ಮಟ್ಟದಲ್ಲಿ 12 ಅಡಿ ಅಗಲದ ದನಿಯ ವೃತ್ತ. ವೃತ್ತಗಳು ಅಂಚಿಗಂಚು ತಾಗಿದರೆ ಸಾಲದು, ನಾಲ್ಕರ ನಡುವೆ ಒಂದು ಮೂಕ ಮೂಲೆ ಉಳಿದುಬಿಡುತ್ತದೆ. 36 ಅಡಿ ಉದ್ದ, 24 ಅಡಿ ಅಗಲದ ಆ ಕೋಣೆಯಲ್ಲಿ ಚುಕ್ಕಿಗಳು 9ಕ್ಕೆ 8 ಅಡಿ ಬಂದವು. ಗೋಡೆಯಿಂದ ಅದರ ಅರ್ಧ. ಒಂದು ಸಾಲಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂತೆ ಮಧ್ಯ ಚುಕ್ಕಿ ಇಟ್ಟಿದ್ದರೆ ನಡುವಣ ಅಂತರ 10 ಅಡಿ ದಾಟಿದರೂ ಮೂಕ ಮೂಲೆ ಇರುತ್ತಿರಲಿಲ್ಲ. ತೊಲೆಗಳು ಅಡ್ಡ ಬಂದವು. ನನಗೆ ಆ ಕೊರಗು ಇನ್ನೂ ಇದೆ. ಜನ ಜಮಖಾನದ ಮೇಲೆ ಕೂತ ದಿನ ಮಾತ್ರ ಕಿವಿ 3 ಅಡಿಗಿಳಿದು ವೃತ್ತ ತಾನಾಗಿ 14 ಅಡಿಗೆ ಅರಳುತ್ತದೆ!

ಆದರೆ ಆ 90 ಡಿಗ್ರಿಯನ್ನು ಕಣ್ಣುಮುಚ್ಚಿ ನಂಬಬಾರದು. ಮಂದ್ರ ಎಲ್ಲ ಕಡೆ ಹರಡುತ್ತದೆ, ತೀಕ್ಷ್ಣ ಸದ್ದು ಮಾತ್ರ ನೇರಕ್ಕೇ ಬೀಳುತ್ತದೆ. ಸಕಾರ ಚಕಾರಗಳು ಇರುವುದು ಆ ತೀಕ್ಷ್ಣದಲ್ಲೇ. ಸ್ವರ ಕೇಳಿಸಿ ಅಕ್ಷರ ಕೇಳಿಸದಿದ್ದರೆ ಅದು ಗಮಕವಲ್ಲ, ಗುನುಗು. ಕೊಳ್ಳುವಾಗ 4000 ಹರ್ಟ್ಸ್‌ನಲ್ಲಿ ಹರವು ಎಷ್ಟೆಂದು ಕೇಳಬೇಕು.

ಇನ್ನೊಂದು ಇಕ್ಕಟ್ಟು: ಹಾಡುವವರು ಎದುರಿಗೆ, ದನಿ ನೆತ್ತಿಯ ಮೇಲೆ. ಮೊದಲು ಮುಟ್ಟಿದ ಸದ್ದಿನ ದಿಕ್ಕನ್ನೇ ಕಿವಿ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಅಭ್ಯಾಸ ಮಾಡಿದ್ದು ಇದನ್ನೇ. ವೇದಿಕೆಯ ದನಿ 30 ಅಡಿ ಸಾಗಲು ಸುಮಾರು 27 ಮಿಲಿಸೆಕೆಂಡ್ ಬೇಕು. ಹಿಂದಿನ ಸಾಲಿನ ಸ್ಪೀಕರುಗಳನ್ನು ಅಷ್ಟೇ ಹೊತ್ತು ತಡೆದು ನುಡಿಸಿದ್ದಾರೆ. ನೆತ್ತಿಯ ಮೇಲಿನ ದನಿ ಗಮಕಿಯ ಬಾಯಿಂದಲೇ ಬಂದಂತಿತ್ತು.

ಒಮ್ಮೆ ಹೋಗಿ ಕೇಳಿ, ಕೊನೆಯ ಸಾಲಿನಲ್ಲೇ ಕೂತು. ಏರೋ ಇಂಡಿಯಾ ವಿಮಾನ ಪ್ರದರ್ಶನದ ದಿನಗಳಲ್ಲಿ ಮಾತ್ರ ಬೇಡ. 1996ರಿಂದ ಯಲಹಂಕದ ಆಕಾಶ ಆ ದಿನಗಳಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.