ಮೋರಿ ದಾಟದ ಎಲೆಸರ

ನೂರಾ ನಲವತ್ತು ಹಲಸಿನ ಎಲೆ. ಎಲ್ಲವೂ ಹಣ್ಣೆಲೆ, ತಾವಾಗಿಯೇ ತೊಟ್ಟು ಕಳಚಿ ಬಿದ್ದವು. ಹಸಿರು ಇಳಿದು ಹಳದಿ, ಹಳದಿ ಇಳಿದು ಕಿತ್ತಳೆ, ಕೊನೆಗೆ ಕಂದು ಬರುವಂತೆ ಅತ್ತೆಮನೆಯ ಅಂಗಳದಲ್ಲಿ ಸಾಲು ಜೋಡಿಸಿ, ಹಿಡಿಕಡ್ಡಿ ಚುಚ್ಚಿ ಒಂದಕ್ಕೊಂದು ಹೊಲಿದಿದ್ದೆ. ಬೆಳಿಗ್ಗೆ ಏಳಕ್ಕೆ ಕೂತವನು ಎದ್ದಾಗ ಹತ್ತೂವರೆ. ಅಡಿಕೆ ತೋಟದ ಹಿಂದಿನ ಹಳ್ಳದಲ್ಲಿ ಈಗ ನೀರು ತಿಳಿಯಾಗಿದೆ, ಮೊಣಕಾಲಿಗಿಂತ ಕೆಳಗೆ. ಸರದ ತಲೆಯನ್ನು ಬೇರಿಗೆ ಕಟ್ಟಿ ಬಾಲ ಬಿಟ್ಟೆ. ಅದು ಬಿಚ್ಚಿಕೊಳ್ಳುತ್ತ, ಕೇರೆಹಾವಿನ ಹಾಗೆ ಸೊಂಟ ತಿರುಗಿಸುತ್ತ ಮೊದಲ ತಿರುವು ದಾಟಿತು. ಎರಡನೇ ತಿರುವಿನಲ್ಲಿ ಮೈ ನೆಟ್ಟಗಾಗಿ ಬಿಗಿಯಿತು. ಆಗ ತಲೆಯ ಗಂಟು ಬಿಚ್ಚಿ ಅದನ್ನು ಅದರ ಪಾಡಿಗೆ ಕಳಿಸಿದೆ. ನನ್ನ ಲೆಕ್ಕದಲ್ಲಿ ಅದು ರಸ್ತೆಯ ಮೋರಿಯೊಳಗೆ ನುಗ್ಗಿ ಆಚೆ ಬದಿಯ ಬಿಸಿಲಿಗೆ ತಲೆ ಹಾಕಬೇಕಿತ್ತು. ಮೋರಿಗೆ ಹತ್ತು ಮಾರು ಇರುವಾಗಲೇ ಮೂರು ತುಂಡಾಯಿತು.

ದಂಡೆಯ ಮೇಲೆ ನಿಂತು ನೋಡುತ್ತಿದ್ದ ಭಾವ ಕವಳ ಉಗಿದು ಹೇಳಿದ: ‘ಇದರ ಬದಲು ತೋಟಕ್ಕೆ ಎರಡು ಹೆಡಿಗೆ ದರಕು ಹೊತ್ತು ಹಾಕಿದ್ದರೆ ಮರವಾದರೂ ನೆನಪಿಟ್ಟುಕೊಳ್ಳುತ್ತಿತ್ತು ಭಾವಾ.’

ಸರ ತುಂಡಾದದ್ದು ನೀರಿನ ತಪ್ಪಲ್ಲ. ಎಲೆ ಸಾಲದೆಂದು ಹಿಂದಿನ ದಿನ ಆರಿಸಿಟ್ಟಿದ್ದ ಮೂವತ್ತು ಎಲೆಗಳನ್ನು ನಡುವೆ ಸೇರಿಸಿದ್ದೆ. ಹಲಸಿನ ಹಣ್ಣೆಲೆಗೆ ಒಂದು ಗಡುವು ಉಂಟು. ಇಬ್ಬನಿಯ ಜೊತೆ ಬಿದ್ದ ಎಲೆ ಬೆಳಗಿನ ಹೊತ್ತು ತೊಗಲಿನಂತೆ ಬಾಗುತ್ತದೆ. ಮಧ್ಯಾಹ್ನಕ್ಕೆ ಅಂಚು ಮುದುಡುತ್ತದೆ. ಮಾರನೇ ದಿನ ಕಡ್ಡಿ ಚುಚ್ಚಿದರೆ ಹಪ್ಪಳದ ಹಾಗೆ ಸೀಳುತ್ತದೆ. ನೀರು ಚಿಮುಕಿಸಿ ಮೆತ್ತಗೆ ಮಾಡಬಹುದೆಂದು ಹೊಸಬರು ಅಂದುಕೊಳ್ಳುತ್ತಾರೆ. ಹದಿನಾರು ವರ್ಷದಿಂದ ಈ ಹುಚ್ಚು ಹಚ್ಚಿಕೊಂಡ ನಾನೂ ಅಂದು ಹಾಗೆಯೇ ಅಂದುಕೊಂಡೆ. ಮೆತ್ತಗಾಗುವುದು ಮೇಲಿನ ಮೈ ಮಾತ್ರ, ನರ ಸತ್ತಿರುತ್ತದೆ.

ಈ ಹುಚ್ಚಿಗೆ ನನ್ನನ್ನು ಎಳೆದವನು ಕಲಾವಿದ ಆ್ಯಂಡಿ ಗೋಲ್ಡ್ಸ್‌ವರ್ದಿ. 1956ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿ ಹುಟ್ಟಿ, ಎಂಬತ್ತರ ದಶಕದಿಂದ ಸ್ಕಾಟ್ಲೆಂಡಿನ ಪೆನ್‌ಪಾಂಟ್ ಎಂಬ ಹಳ್ಳಿಯಲ್ಲಿ ನೆಲೆಸಿದಾತ. ಅಪ್ಪ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ. ಮಗ ಹದಿಮೂರನೇ ವಯಸ್ಸಿಗೇ ಹೊಲದ ಕೂಲಿಗೆ ಹೋದ. ಆಲೂಗಡ್ಡೆ ಕೀಳುವುದಕ್ಕೂ ತನ್ನ ಕಲೆಗೂ ಲಯ ಒಂದೇ ಎಂದು ಆತ ಆಮೇಲೆ ಹೇಳಿದ್ದುಂಟು. ನನಗೆ ಆತನ ಬಗ್ಗೆ ನಂಬಿಕೆ ಹುಟ್ಟಿಸಿದ್ದೇ ಆ ಮಾತು. ಬೆನ್ನು ಬಾಗಿಸಿ ಸಾವಿರ ಸಲ ಒಂದೇ ಕೆಲಸ ಮಾಡಿದವನಿಗಷ್ಟೇ ಅದು ಹೊಳೆಯಬಲ್ಲದು. ಎಲೆಗಳನ್ನು ಆತ ಮುಳ್ಳಿನಿಂದ ಹೊಲಿಯುತ್ತಾನೆ. ಹಿಮಗಡ್ಡೆಯ ಬಿಳಲುಗಳನ್ನು ತುಂಡು ಮಾಡಿ, ಬಂಡೆಯ ಸುತ್ತ ಹಾವಿನಂತೆ ಸುತ್ತಿ ಅಂಟಿಸುತ್ತಾನೆ. ಅಂಟು ಬೇರೇನಲ್ಲ, ನೀರು ಮತ್ತು ಚಳಿ. ಬರಿಗೈಯಲ್ಲಿ ಮಾಡುತ್ತಾನೆ, ಕೈಗವಸು ಹಾಕಿದರೆ ಬೆರಳಿಗೆ ಏನೂ ತಿಳಿಯದು.

ಥಾಮಸ್ ರೀಡಲ್‌ಶೈಮರ್ ಎಂಬ ಜರ್ಮನ್ ನಿರ್ದೇಶಕ 2001ರಲ್ಲಿ ಆತನ ಮೇಲೆ ‘ರಿವರ್ಸ್ ಆ್ಯಂಡ್ ಟೈಡ್ಸ್’ ಎಂಬ ಸಾಕ್ಷ್ಯಚಿತ್ರ ಮಾಡಿದ. ಅದರಲ್ಲಿ ಎಲ್ಲರೂ ಮೆಚ್ಚುವುದು ಮಂಜಿನ ಹಾವನ್ನು. ನಾನು ಮತ್ತೆ ಮತ್ತೆ ನೋಡುವುದು ಕೆನಡಾದ ನೋವಾ ಸ್ಕೋಶಿಯಾ ಕಡಲತೀರದ ಭಾಗವನ್ನು. ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಬುಡ ಕಿರಿದು, ನಡು ಉಬ್ಬಿ, ತುದಿ ಮತ್ತೆ ಕಿರಿದಾಗುವ ಮೊಟ್ಟೆಯಂಥ ಗೋಪುರ ಕಟ್ಟುತ್ತಿದ್ದಾನೆ. ಗಾರೆಯಿಲ್ಲ, ಮಣ್ಣಿಲ್ಲ. ಭರತದ ನೀರು ಬರುವುದರೊಳಗೆ ಮುಗಿಯಬೇಕು. ಕುಸಿಯುತ್ತದೆ. ಮತ್ತೆ ಕಟ್ಟುತ್ತಾನೆ, ಮತ್ತೆ ಕುಸಿಯುತ್ತದೆ. ಒಂದು ಸಲವಂತೂ ನಡು ದಾಟಿದ ಮೇಲೆ ಕುಸಿದು, ಆತ ತಲೆ ತಗ್ಗಿಸಿ ಸುಮ್ಮನೆ ಕೂತುಬಿಡುತ್ತಾನೆ. ಆಮೇಲೆ ಹೇಳುವುದು ಇಷ್ಟೇ: ಪ್ರತಿ ಸಲ ಬಿದ್ದಾಗಲೂ ಕಲ್ಲು ತನಗೆ ಸ್ವಲ್ಪ ಹೆಚ್ಚು ಪರಿಚಯವಾಯಿತು, ಆದರೆ ಸಾಕಷ್ಟು ಆಗಲಿಲ್ಲ. ಕೊನೆಗೊಮ್ಮೆ ನಿಲ್ಲುತ್ತದೆ. ಕಡಲು ಬಂದು ಅದನ್ನು ಪೂರ್ತಿ ಮುಳುಗಿಸುತ್ತದೆ. ನೀರಿಳಿದಾಗ ಗೋಪುರ ಇದ್ದಲ್ಲೇ ಇರುತ್ತದೆ.

ಅದು ನಿಂತಿತಲ್ಲ ಎಂಬುದೇ ನನಗೆ ಮುಖ್ಯ. ಇಂಥ ಕಲೆಯ ಮಾತು ಬಂದರೆ ಸಾಕು, ನಮ್ಮವರು ‘ಎಲ್ಲವೂ ನಶ್ವರ’ ಎಂದು ವೇದಾಂತಕ್ಕೆ ಇಳಿದುಬಿಡುತ್ತಾರೆ. ನನಗೆ ಆ ಮಾತು ಕೇಳಿ ಸಾಕಾಗಿದೆ. ಹಾಳಾಗುವುದಕ್ಕೆ ಯಾವ ಜಾಣತನವೂ ಬೇಡ, ನನ್ನ ಎಲೆಸರ ಯಾರ ಉಪದೇಶವೂ ಇಲ್ಲದೆ ಹಾಳಾಯಿತು. ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಲ್ಲಿಸುವುದರಲ್ಲಿ ಕಸುಬಿದೆ. ಬಲಿಪಾಡ್ಯಮಿಯ ದಿನ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ ಬಾಗಿಲ ಬಳಿ ಕೂರಿಸುತ್ತಾರೆ. ಸಗಣಿ ತೆಳುವಾದರೆ ಭೀಮ ಅಲ್ಲೇ ಕೂತುಬಿಡುತ್ತಾನೆ, ಗಟ್ಟಿಯಾದರೆ ಬಿರುಕು ಬಿಡುತ್ತಾನೆ. ಹಬ್ಬ ಮುಗಿದ ಮೇಲೆ ಅದು ಮತ್ತೆ ಸಗಣಿಯೇ, ಯಾರೂ ನಿಟ್ಟುಸಿರು ಬಿಡುವುದಿಲ್ಲ. ಕರಾವಳಿಯ ನಾಗಮಂಡಲದಲ್ಲಿ ಐದು ಬಣ್ಣದ ಪುಡಿಗಳಿಂದ ಗಂಟೆಗಟ್ಟಲೆ ಕೂತು ಬರೆದ ಹಾವಿನ ಹೆಣಿಗೆ ಬೆಳಗಾಗುವುದರೊಳಗೆ ಕುಣಿತದ ಕಾಲಡಿ ಅಳಿದಿರುತ್ತದೆ. ಹಾಗೆಂದು ಬರೆಯುವವರು ಒಂದು ಸುತ್ತನ್ನೂ ಅಡ್ಡಾದಿಡ್ಡಿ ಎಳೆಯುವುದಿಲ್ಲ. ಅಳಿಯುವುದು ಅವರ ಚಿಂತೆಯಲ್ಲ, ಅಷ್ಟರವರೆಗಿನ ಗೆರೆ ಅವರ ಚಿಂತೆ.

ಫೋಟೋದ ಜಗಳ ಬೇರೆಯೇ ಇದೆ. 1967ರಲ್ಲಿ ರಿಚರ್ಡ್ ಲಾಂಗ್ ಎಂಬ ಇಂಗ್ಲೆಂಡಿನ ಕಲಾವಿದ್ಯಾರ್ಥಿ ಲಂಡನ್ನಿನಿಂದ ರೈಲು ಹತ್ತಿ ಹೋಗಿ, ಒಂದು ಹುಲ್ಲುಗಾವಲಿನಲ್ಲಿ ಹೋದ ದಾರಿಯಲ್ಲೇ ಹಿಂದೆ ಮುಂದೆ ನಡೆದ. ಹುಲ್ಲು ಮಲಗಿ ಗೆರೆಯೊಂದು ಮೂಡಿತು. ಅದರ ಫೋಟೋ ತೆಗೆದು ‘ನಡೆದು ಮಾಡಿದ ಗೆರೆ’ ಎಂಬರ್ಥದ ಹೆಸರಿಟ್ಟ. ಹುಲ್ಲು ಎದ್ದು ನಿಂತಿತು, ಫೋಟೋ ಉಳಿಯಿತು. ಹಾಗಾದರೆ ಕಲಾಕೃತಿ ಯಾವುದು? ಗೋಲ್ಡ್ಸ್‌ವರ್ದಿಯ ಕೆಲಸವೂ ನಮಗೆ ತಲುಪಿದ್ದು ಹೆಚ್ಚಾಗಿ ಫೋಟೋ ಪುಸ್ತಕಗಳಿಂದಲೇ. ಆದರೆ ಆತ ಒಮ್ಮೆ ಈ ಲೆಕ್ಕವನ್ನೇ ತಲೆಕೆಳಗು ಮಾಡಿದ. ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಉರುಟಿದ 13 ದೈತ್ಯ ಹಿಮದುಂಡೆಗಳನ್ನು ಶೀತಲ ಗೋದಾಮಿನಲ್ಲಿ ಕಾಪಿಟ್ಟು, 2000ದ ಜೂನ್ 21ರಂದು, ನಡುಬೇಸಿಗೆಯಲ್ಲಿ, ಲಂಡನ್ನಿನ ಬೀದಿಗಳಲ್ಲಿ ಇಳಿಸಿದ. ತಲಾ ಸುಮಾರು ಒಂದು ಟನ್. ಕರಗುತ್ತ ಹೋದ ಹಾಗೆ ಒಂದರ ಹೊಟ್ಟೆಯಿಂದ ಕಾಗೆಯ ಪುಕ್ಕ, ಇನ್ನೊಂದರಿಂದ ಕುರಿಯ ಉಣ್ಣೆ, ಮತ್ತೊಂದರಿಂದ ಬಾರ್ಲಿ ಈಚೆ ಬಂದವು. ಫೋಟೋದಲ್ಲಿ ಅದು ಉಂಡೆ ಮಾತ್ರ; ಕಚೇರಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿದವರಿಗೆ ಅದು ಬೇರೆಯೇ. ನಾನು ಮೂರು ಫೋಟೋಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಮೊಬೈಲ್ ಕೈಗೆ ಬಂದ ಕ್ಷಣ ಕಣ್ಣು ಸೋಮಾರಿಯಾಗುತ್ತದೆ.

ಇನ್ನು ಕಲ್ಲು. ಈಗ ಪ್ರವಾಸಕ್ಕೆ ಹೋದಲ್ಲೆಲ್ಲ ಹೊಳೆಯ ಕಲ್ಲನ್ನು ಎತ್ತಿ ಪೇರಿಸಿ ಫೋಟೋ ತೆಗೆಯುವ ಚಟ ಹಬ್ಬಿದೆ. ಇದೊಂದನ್ನು ನಾನು ಜಗಳವಾಡಿಯೇ ತಡೆಯುತ್ತೇನೆ. ಪಶ್ಚಿಮ ಘಟ್ಟದ ಹಳ್ಳದ ಕಲ್ಲು ಖಾಲಿ ಇರುವುದಿಲ್ಲ. ಹಿಂಗಾಲು ಚಾಚಿ ಬೀಸುತ್ತ ಕುಣಿಯುವ ಕಪ್ಪೆಗಳು ನಮ್ಮಲ್ಲಿವೆ. ಕೊಟ್ಟಿಗೆಹಾರದ ಹೆಸರು ಹೊತ್ತ ಜಾತಿಯೂ ಒಂದುಂಟು. ಅವುಗಳಲ್ಲಿ ಹೆಣ್ಣು ಹಳ್ಳದ ತಳವನ್ನು ಕಾಲಿನಿಂದ ಕೆದಕಿ, ಮೊಟ್ಟೆಯಿಟ್ಟು, ಜಲ್ಲಿ ಮುಚ್ಚುತ್ತದೆ. ಗೊದಮೊಟ್ಟೆಗಳು ಆ ಜಲ್ಲಿಯೊಳಗೇ ಬೆಳೆಯುತ್ತವೆ. ನೀವು ‘ಚೆಂದದ ಚಪ್ಪಟೆ ಕಲ್ಲು’ ಎಂದು ಎತ್ತಿದ್ದು ಯಾರದೋ ಬಾಣಂತಿ ಕೋಣೆಯ ಚಾವಣಿ.

ಕಪ್ಪೆಯ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಜೊತೆಗಾರರು ಸಿದ್ದಾಪುರದ ಕತ್ತಲೆಕಾನಿನ ಕಡೆಯ ಒಂದು ಇರುಳುಕಪ್ಪೆಯನ್ನು ಹೊಸ ಜಾತಿಯೆಂದು ಗುರುತಿಸಿ, ಅದರ ವೈಜ್ಞಾನಿಕ ಹೆಸರಿಗೆ ನಮ್ಮ ‘ಕುಂಬಾರ’ ಪದವನ್ನೇ ಇಟ್ಟರು. ನೀರಿನ ಮೇಲೆ ಚಾಚಿದ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಹಳ್ಳದ ತಳದಿಂದ ಕೆಸರು ತಂದು ಮುಂಗೈಯಲ್ಲಿ ಮೆತ್ತುತ್ತದೆ. ರಾತ್ರಿಯ ಕತ್ತಲಲ್ಲಿ, ಹಿಂಗಾಲ ಮೇಲೆ ನಿಂತು. ನಮ್ಮ ಹೊಳೆಗಳಲ್ಲಿ ಮಣ್ಣಿನ ಕೆಲಸದ ಹಿರಿಯ ಕಸುಬುದಾರ ಅದೇ ಇರಬೇಕು. ಅದರ ಎದುರು ನಾನು ಹುತ್ತದ ಮಣ್ಣಿನಲ್ಲಿ ಮಾಡಿದ ಉಂಡೆಗಳು (ಹೊರಮೈ ಬೇಗ ಒಣಗಿ, ಒಳಮೈ ಹಸಿಯಾಗಿಯೇ ಉಳಿದು, ಮೂರನೇ ದಿನ ತಾವಾಗಿ ಬಾಯಿ ಬಿಟ್ಟವು) ಹೇಳಿಕೊಳ್ಳುವಂಥವಲ್ಲ.

ಎರಡು ವರ್ಷದ ಹಿಂದೆ ಒಂದು ರೆಸಾರ್ಟಿನವರು, ಹೆಸರು ಬೇಡ, ಅತಿಥಿಗಳಿಗೆ ‘ಪ್ರಕೃತಿ ಶಿಲ್ಪ’ ಮಾಡಿ ತೋರಿಸಿ ಎಂದು ಕರೆದಿದ್ದರು. ತೇಗದ ಎಲೆಯಲ್ಲಿ ಆಳೆತ್ತರದ ಗೂಡೊಂದನ್ನು ಅರ್ಧ ಮಾಡಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅಲ್ಲಿನ ಹುಡುಗರು ಬಿಸಿ ಅಂಟಿನ ಪಿಸ್ತೂಲು ತಂದು ಉಳಿದರ್ಧ ಮುಗಿಸಿ, ಮೇಲೆ ಬಂಗಾರದ ಬಣ್ಣ ಸಿಂಪಡಿಸಿದ್ದರು. ವಾರವಿಡೀ ಇರಬೇಕಲ್ಲ ಸಾರ್, ಅಂದರು. ತೇಗದ ಎಲೆಯನ್ನು ಹುಳು ಮತ್ತು ಮಳೆ ಸೇರಿ ಬರೀ ನರ ಉಳಿಸಿ ಜರಡಿ ಮಾಡುತ್ತವಲ್ಲ, ಆ ನೇಯ್ಗೆಗೆ ಸಮನಾದದ್ದನ್ನು ನಾನು ಕಂಡಿಲ್ಲ. ಬಂಗಾರದ ಬಣ್ಣದ ಮೇಲೆ ಹುಳುವೂ ಬರಲಿಲ್ಲ.

ಹಳ್ಳ, ತೋಟ ಇಲ್ಲದವರು ಏನು ಮಾಡಬೇಕೆಂದು ಪತ್ರ ಬರೆಯುವವರಿದ್ದಾರೆ. ಪೇಟೆಯಲ್ಲಿ ಬಾದಾಮಿ ಮರವಿದೆಯಲ್ಲ! ಚಳಿಗಾಲದಲ್ಲಿ ಅದರ ಒಂದೇ ಮರದ ಬುಡದಲ್ಲಿ ಹಸಿರು, ಹಳದಿ, ಇಟ್ಟಿಗೆ ಕೆಂಪು, ರಕ್ತಗೆಂಪು ಎಲ್ಲವೂ ಸಿಗುತ್ತವೆ, ಕೆಲವೊಮ್ಮೆ ಒಂದೇ ಎಲೆಯಲ್ಲಿ. ಬಣ್ಣದ ಇಳಿಜಾರು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಹೊಂಗೆ ಹೂ ಉದುರುವ ದಿನಗಳಲ್ಲಿ ಬೀದಿಯೇ ಸಿದ್ಧ ಹಾಸು. ಅಲ್ಲಿ ಸೇರಿಸುವುದಕ್ಕಿಂತ ಬೆರಳಿನಿಂದ ಸರಿಸಿ ಗೆರೆ ತೆಗೆಯುವುದೇ ಚೆಂದ. ಬೆಳಿಗ್ಗೆ ಬೇಗ ಏಳಬೇಕಷ್ಟೆ. ಪೌರಕಾರ್ಮಿಕರ ಪೊರಕೆ ಬರುವುದರೊಳಗೆ ಮುಗಿಸಬೇಕು, ಬಂದಾಗ ಎದ್ದು ದಾರಿ ಬಿಡಬೇಕು. ಕಡಲು ಉಕ್ಕುವ ಹೊತ್ತು ಗೋಲ್ಡ್ಸ್‌ವರ್ದಿಗೆ ಇದ್ದಂತೆ ನಿಮಗೆ ಪೊರಕೆಯ ಹೊತ್ತು.

ಮತ್ತೆ ನನ್ನ ಎಲೆಸರಕ್ಕೆ ಬರುತ್ತೇನೆ. ಸೋಮವಾರ ನಾನು ಊರಿಗೆ ಹೊರಡುವವನಿದ್ದೆ. ಅಡುಗೆಮನೆಯ ಜಗಲಿಯಲ್ಲಿ ಅತ್ತೆ ಕಡುಬಿಗೆ ಕೊಟ್ಟೆ ಕಟ್ಟುತ್ತಿದ್ದಳು. ನಾಲ್ಕು ಹಲಸಿನ ಎಲೆ, ನಾಲ್ಕು ಹಿಡಿಕಡ್ಡಿ ಚೂರು. ಮಾತಾಡುತ್ತಲೇ ಒಂದು ಕೊಟ್ಟೆ. ಹಿಟ್ಟು ಸುರಿದರೂ ತೊಟ್ಟಿಕ್ಕದು. ಎಪ್ಪತ್ತೈದು ದಾಟಿದ ಆ ಕೈಯನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ, ಅಂದು ಮಾತ್ರ ಕಡ್ಡಿ ಕಣ್ಣಿಗೆ ಬಿತ್ತು. ನಾನು ಕಡ್ಡಿಯನ್ನು ನಡುನರದ ಉದ್ದಕ್ಕೆ ಚುಚ್ಚುತ್ತಿದ್ದೆ. ಅವಳು ನರಕ್ಕೆ ಅಡ್ಡಲಾಗಿ, ನರದ ಅಡಿಯಿಂದ ದಾಟಿಸಿ ಮೇಲೆ ತೆಗೆಯುತ್ತಿದ್ದಳು. ಎಳೆದಷ್ಟೂ ನರವೇ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ.

ಸರದ ಕತೆ ಹೇಳಿದೆ. ಉಳಿದಿದ್ದ ತುಂಡನ್ನು ತರಿಸಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ತಿರುಗಿಸಿ ನೋಡಿದಳು.

‘ಹಂಚು ಹೊದೆಸ್ದಂಗೆ ಹೊಲಿಯವು ತಮಾ, ನೀರು ಬಪ್ಪ ಬದಿಂದ.’

ಹೌದಲ್ಲ! ಮೇಲಿನ ಹೆಂಚು ಕೆಳಗಿನದರ ಮೇಲೆ ಬರುತ್ತದೆ, ಮಳೆ ಜಾರಿ ಹೋಗುತ್ತದೆ. ನನ್ನ ಸರದಲ್ಲಿ ಕೆಳಗಿನ ಎಲೆ ಮೇಲಿನದರ ಬೆನ್ನೇರಿತ್ತು. ತಿರುವಿನಲ್ಲಿ ಬಿಗಿದು ನಿಂತಾಗ ಪ್ರತಿ ಎಲೆಯ ಅಂಚೂ ಸೆಳೆತಕ್ಕೆ ಬಾಯಿ ತೆರೆದು ನಿಂತಿತ್ತು. ಒಣ ಎಲೆ ಮೊದಲು ಸೋತಿತು, ಅಷ್ಟೆ.

ಬಸ್ಸು ಬಿಟ್ಟೆ. ಮಂಗಳವಾರ ಬೆಳಿಗ್ಗೆ ಇಬ್ಬರೂ ಕೂತೆವು. ಅವಳು ಹೊಲಿದದ್ದು ಅರುವತ್ತು ಎಲೆ, ಅಷ್ಟರಲ್ಲಿ ನನ್ನದು ಇಪ್ಪತ್ತೆಂಟು. ಹೊಸದಾಗಿ ಉದುರಿದ್ದು ಅಷ್ಟೇ ಇದ್ದದ್ದು, ಹಳೆಯದನ್ನು ಒಂದೂ ಸೇರಿಸಲಿಲ್ಲ. ಸರ ಮೊದಲಿಗಿಂತ ಗಿಡ್ಡ. ನೀರಿಗೆ ಬಿಟ್ಟಾಗ ಎರಡನೇ ತಿರುವನ್ನು ಮೈ ಹೊರಳಿಸಿ ದಾಟಿತು. ನಾನು ದಂಡೆಯ ಮೇಲೆ ಓಡುತ್ತಿದ್ದೆ, ಅದು ಮರಗಳ ನೆರಳಿಗೆ ಹೋಗಿ ಕಣ್ಣು ತಪ್ಪಿಸಿತು. ರಸ್ತೆ ಹತ್ತಿ ಆಚೆ ಬದಿಗೆ ಬಂದರೆ, ಮೋರಿಯ ಕಟ್ಟೆಯ ಮೇಲೆ ಭಾವ ಮೊದಲೇ ಬಂದು ಕುಕ್ಕರಗಾಲಲ್ಲಿ ಕೂತಿದ್ದ. ದರಕಿನ ಹೆಡಿಗೆ ಪಕ್ಕದಲ್ಲಿತ್ತು. ಬಗ್ಗಿ ಮೋರಿಯ ಕತ್ತಲನ್ನೇ ನೋಡುತ್ತಿದ್ದವನು, ತಲೆ ಎತ್ತದೆ, ಸುಮ್ಮನಿರು ಎಂಬಂತೆ ಕೈ ಮಾಡಿದ.