ಒಂದು ಗೆರೆ ಬಿದ್ದರೆ ಮುಗಿಯಿತೇ?

ಮುಂಬಯಿಯ ವಡಾಲ ಸ್ಟೇಷನ್ನಿನ ಆಚೀಚೆ ಇರುವ ಮೆಡಿಕಲ್ ಅಂಗಡಿಗಳಲ್ಲಿ ಪ್ರೆಗ್ನೆನ್ಸಿ ಕಿಟ್ಟನ್ನು ಹೆಸರು ಹಿಡಿದು ಕೇಳುವವರು ಕಡಿಮೆ. ಪಕ್ಕದ ಗಿರಾಕಿ ಸರಿಯುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಒಳಗೆ ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ಒಂದು ಡ್ರಾಪರ್, ತೇವ ಹೀರುವ ಪುಟ್ಟ ಪೊಟ್ಟಣ. ಮೂತ್ರದ ಎರಡು-ಮೂರು ಹನಿ ಬಿಟ್ಟು ಐದು ನಿಮಿಷ ಕಾದರೆ, 'ಸಿ' ಎದುರು ಮಾತ್ರ ಗೆರೆ ಮೂಡಿದರೆ ಇಲ್ಲ, 'ಟಿ' ಎದುರೂ ಮೂಡಿದರೆ ಹೌದು. 'ಸಿ' ಗೆರೆಯೇ ಬಾರದಿದ್ದರೆ ಕಿಟ್ ಕೆಟ್ಟಿದೆ ಎಂದರ್ಥ. ಮುಟ್ಟು ತಡವಾದಾಗ ಇಂದು ಹೆಚ್ಚಿನವರು ಮೊದಲು ನಂಬುವುದು ಇದನ್ನೇ. ಆ ನಂಬಿಕೆ ಎಷ್ಟು ಸರಿ?

ಮೆಚ್ಚಬೇಕಾದ್ದನ್ನು ಮೊದಲು ಮೆಚ್ಚೋಣ. ಅಮೆರಿಕದ ಮಾರ್ಗರೆಟ್ ಕ್ರೇನ್ ಎಂಬ ವಿನ್ಯಾಸಕಿ 1967ರಲ್ಲಿ ಆರ್ಗನಾನ್ ಕಂಪನಿಯ ಲ್ಯಾಬಿನಲ್ಲಿ ಸಾಲಾಗಿ ನಿಂತ ಗರ್ಭಪರೀಕ್ಷೆಯ ಟ್ಯೂಬುಗಳನ್ನು ಕಂಡು, ಇದನ್ನು ಮನೆಯಲ್ಲೇ ಮಾಡಬಾರದೇಕೆ ಎಂದು ಯೋಚಿಸಿದಳು. ಫಲಿತಾಂಶ ವೈದ್ಯರಿಗಿಂತ ಮೊದಲು ಹೆಂಗಸಿಗೆ ತಿಳಿಯಬೇಕು ಎಂಬುದು ಆ ಯೋಚನೆಯ ತಿರುಳು. ನಮ್ಮಲ್ಲಿ ಒಂದು ಕಾಲಕ್ಕೆ, ಮುಟ್ಟು ನಿಂತವರಿಗೆ ಹೆಚ್ಚು ಪ್ರಮಾಣದ ಈಸ್ಟ್ರೊಜೆನ್-ಪ್ರೊಜೆಸ್ಟಿನ್ ಮಾತ್ರೆ ನುಂಗಿಸಿ, ರಕ್ತಸ್ರಾವವಾದರೆ ಬಸುರಿಲ್ಲ ಎನ್ನುತ್ತಿದ್ದರು. ಬಸುರಿದ್ದರೆ ಮಗುವಿಗೆ ಹಾನಿಯಾದೀತೆಂದು ಮಹಿಳಾ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ, 1988ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಮೈಗೆ ಏನನ್ನೂ ಸೇರಿಸದೆ ಉತ್ತರ ಹೇಳುವ ಪಟ್ಟಿ ಆ ಮಾತ್ರೆಗಿಂತ ಎಷ್ಟೋ ಮೇಲು.

ತಕರಾರು ಇರುವುದು ಶೇ. 99 ನಿಖರ ಎಂಬ ಪ್ರಚಾರದ ಮಾತಿನಲ್ಲಿ. ಪಟ್ಟಿ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ಮಾತ್ರ ಅದು ಮೂತ್ರದಲ್ಲಿ ಕಾಣತೊಡಗುತ್ತದೆ. ಅಂಟುವುದು ಸಾಮಾನ್ಯವಾಗಿ ಅಂಡ ಬಿಡುಗಡೆಯಾದ 8ರಿಂದ 10ನೇ ದಿನಕ್ಕೆ, ಕೆಲವರಲ್ಲಿ ಇನ್ನೂ ತಡ. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಟ್ಟು ಬರಬೇಕಿದ್ದ ಮೊದಲ ದಿನ ಸುಮಾರು ಶೇ. 10ರಷ್ಟು ಗರ್ಭಗಳು ಇನ್ನೂ ಅಂಟಿರುವುದಿಲ್ಲ. ಎಂಥ ಒಳ್ಳೆಯ ಕಿಟ್ ತಂದರೂ ಅವು ಅಂದು ಸಿಕ್ಕಿಬೀಳವು. ಒಂದು ವಾರ ಕಾದರೆ ಶೇ. 97ರಷ್ಟು ಪತ್ತೆಯಾಗಬಲ್ಲವು. ಹಾಗಾಗಿ ದಿನ ತಪ್ಪಿದ ಮರುಬೆಳಗ್ಗೆ ಬಿದ್ದ ಒಂಟಿ ಗೆರೆಗೆ "ಈಗಿನ್ನೂ ಗೊತ್ತಿಲ್ಲ" ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ವಾರ ಬಿಟ್ಟು, ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಬೇಕು.

ಆಗಲೂ ಒಂದೇ ಗೆರೆ ಬಂದು ಮುಟ್ಟು ಬಾರದಿದ್ದರೆ? ಇಲ್ಲಿ ಪಟ್ಟಿ ಬಾಯಿ ಮುಚ್ಚುತ್ತದೆ. ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ, ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರುಪೇರು, ತೂಕದ ಹಠಾತ್ ಏರಿಳಿತ, ಪರೀಕ್ಷೆಯ ಆತಂಕ, ರಾತ್ರಿಪಾಳಿ, ತುರ್ತು ಗರ್ಭನಿರೋಧಕ ಮಾತ್ರೆ, ಮೊಲೆಯೂಡಿಸುವಿಕೆ, ಮುಟ್ಟು ನಿಲ್ಲುವ ವಯಸ್ಸು: ಕಾರಣ ಯಾವುದಾದರೂ ಇರಬಹುದು. 28 ದಿನದ ಲೆಕ್ಕ ಎಲ್ಲರ ಮೈಗೂ ಹೊಂದದು; ಅಂಡ ತಡವಾಗಿ ಬಿಡುಗಡೆಯಾದ ತಿಂಗಳು ಮುಟ್ಟೂ ತಡವೇ. ಆದರೆ 'ಇಲ್ಲ' ಎಂದೊಡನೆ ನಿಟ್ಟುಸಿರು ಬಿಟ್ಟು ಮಾತು ಮುಗಿಸುವುದು ನಮ್ಮ ರೂಢಿ. ಮೂರು ತಿಂಗಳು ಮುಟ್ಟಿಲ್ಲದ ಹುಡುಗಿಗೂ "ಬಸುರಿಲ್ಲವಲ್ಲ, ಬಿಡು" ಎಂಬ ಸಮಾಧಾನವೇ ಸಿಗುತ್ತದೆ.

'ಹೌದು' ಎಂಬ ಉತ್ತರವೂ ಅರೆಬರೆಯೇ. ಗರ್ಭ ಎಲ್ಲಿ ನಿಂತಿದೆ ಎಂದು ಪಟ್ಟಿ ಹೇಳದು. ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೂ ಎರಡು ಗೆರೆ ಬೀಳುತ್ತದೆ. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ನೋವು, ರಕ್ತಸ್ರಾವ, ತಲೆಸುತ್ತು, ಭುಜನೋವು ಇದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಕಿಟ್ ಕೊಂಡ ಅದೇ ಅಂಗಡಿಯ ಕೌಂಟರಿನಲ್ಲಿ ವೈದ್ಯರ ಚೀಟಿಯಿಲ್ಲದೆ ಗರ್ಭಪಾತದ ಮಾತ್ರೆ ಕೊಂಡು ನುಂಗಿದರೆ ನಾಳದ ಗರ್ಭ ಹೋಗುವುದಿಲ್ಲ. ರಕ್ತ ಹೋದುದನ್ನೇ ಕಂಡು ಎಲ್ಲ ಮುಗಿಯಿತೆಂದು ಭ್ರಮಿಸುವ ಅಪಾಯ ಬೇರೆ. ಗರ್ಭಪಾತ ಕಾನೂನಿನ 2021ರ ತಿದ್ದುಪಡಿಯ ನಂತರ, 20 ವಾರದವರೆಗಿನ ಗರ್ಭಪಾತಕ್ಕೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ಬಸುರಿ ವಯಸ್ಕಳಾದರೆ ಅವಳ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕಿಲ್ಲ. ಹೆಸರು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಹೊಣೆ. ಇಷ್ಟು ತಿಳಿದಿದ್ದರೆ ಕದ್ದು ನುಂಗುವ ಅಗತ್ಯ ಎಷ್ಟೋ ಜನಕ್ಕೆ ಬೀಳದು.

ಇನ್ನು ಬಳಸುವುದಕ್ಕೂ ಅಡ್ಡಿಗಳಿವೆ. ಕಿಟ್ಟಿಗೆ ಬಾಗಿಲು ಹಾಕಿಕೊಳ್ಳುವ ಬಚ್ಚಲು ಬೇಕು. ಒಂದೇ ಖೋಲಿಯಲ್ಲಿ ಐದಾರು ಮಂದಿ, ಬೆಳಗ್ಗೆ ಸಾರ್ವಜನಿಕ ಶೌಚಾಲಯದ ಮುಂದೆ ಡಬ್ಬ ಹಿಡಿದ ಸಾಲು ಇರುವಲ್ಲಿ ಆ ಐದು ನಿಮಿಷ ಯಾರು ಕೊಡುತ್ತಾರೆ? ಊರು ಬಿಟ್ಟು ಬಂದು ಮರಾಠಿ, ಹಿಂದಿ ಇನ್ನೂ ಬಾಯಿಗೆ ಹತ್ತದ ಕನ್ನಡದ ಹೆಣ್ಣುಮಗಳಿಗೆ ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಸೂಚನೆ ಎಷ್ಟರ ಮಟ್ಟಿಗೆ ದಕ್ಕೀತು? ಹತ್ತಿರದಲ್ಲೇ ಸಾಯನ್ ಆಸ್ಪತ್ರೆ, ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ ಇದ್ದರೂ ಅಲ್ಲಿಗೆ ಹೋಗುವ ಮೊದಲು ಯಾರಾದರೂ "ಹೋಗು" ಎನ್ನಬೇಕು.

ಒಟ್ಟಾರೆ ತೀರ್ಪು ಇಷ್ಟು: ಉಪಕರಣ ಒಳ್ಳೆಯದು, ಬಳಸುವ ಕ್ರಮ ಕಚ್ಚಾ. ಕಾಗದ ಸುತ್ತುವಷ್ಟೇ ಸಲೀಸಾಗಿ ಅಂಗಡಿಯವನು ಎರಡು ಮಾತು ಸೇರಿಸಬಹುದು: "ಒಂದೇ ಗೆರೆ ಬಂದರೆ ವಾರ ಬಿಟ್ಟು ಮತ್ತೆ ನೋಡಿ, ಎರಡು ಬಂದರೆ ಮಾತ್ರೆಗಲ್ಲ, ಡಾಕ್ಟರ ಹತ್ತಿರ ಹೋಗಿ." ಅದಕ್ಕೆ ಯಾವ ಖರ್ಚೂ ಇಲ್ಲ.