ದೊಡ್ಡ ಇಂಟರ್‌ಕೂಲರ್ ಎಂಬ ನಂಬಿಕೆ

"ಗಾಡಿ ಎಳೀತಿಲ್ಲ, ದಮ್ಮು ಸಾಲದು" ಎಂದು ಟರ್ಬೊ ಡೀಸೆಲ್ ಜೀಪಿನ ಮಾಲೀಕರು ಬಾಯಿಬಿಟ್ಟರೆ ಸಾಕು, ಗೆಳೆಯರಿಂದ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯ ಕೌಂಟರಿನವರೆಗೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ದೊಡ್ಡ ಇಂಟರ್‌ಕೂಲರ್ ಹಾಕಿಸಿ. ಥಾರ್ ಇರಲಿ, ಸ್ಕಾರ್ಪಿಯೊ ಇರಲಿ, ಗೂರ್ಖಾ ಇರಲಿ, ಮಾತು ಬದಲಾಗುವುದಿಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಲ್ಲಿ ವಾರವೆಲ್ಲ ಮರದ ಕೆಳಗೆ ನಿಂತು ಶನಿವಾರ ಸಕಲೇಶಪುರದ ಕಡೆ ಹೊರಡುವ ಫೋರ್‌ವೀಲ್ ಡ್ರೈವ್‌ಗಳ ಲೋಕದಲ್ಲಿ ಇದು ಪ್ರಶ್ನೆಯಿಲ್ಲದ ಸತ್ಯವಾಗಿಬಿಟ್ಟಿದೆ. ಇದು ತಪ್ಪು ಎಂಬುದು ನನ್ನ ವಾದ. ಕಂಪನಿಯ ಟ್ಯೂನಿಂಗಿನಲ್ಲೇ ಓಡುತ್ತಿರುವ ಗಾಡಿಗೆ ದೊಡ್ಡ ಇಂಟರ್‌ಕೂಲರ್ ಕೊಡುವುದು ಅತ್ಯಲ್ಪ. ಇರುವ ಇಂಟರ್‌ಕೂಲರನ್ನೇ ಪರೀಕ್ಷಿಸಿ, ತೊಳೆದು, ಸೋರಿಕೆ ನಿಲ್ಲಿಸಿದರೆ ಸಿಗುವುದು ಅದಕ್ಕಿಂತ ಎಷ್ಟೋ ಹೆಚ್ಚು.

ಮೊದಲು ಅದರ ಕೆಲಸ ಏನೆಂದು ನೋಡೋಣ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ವಿಚಾರದ ತಿರುಳು ಸರಳ: ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯ ಬಲದಿಂದಲೇ ಒಳಬರುವ ಗಾಳಿಯನ್ನು ಒತ್ತಿ ತುಂಬುವುದು. ಆದರೆ ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುವಂತೆ, ಒತ್ತಿದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ತೆಳುವಾಗುತ್ತದೆ, ಅಷ್ಟೇ ಜಾಗದಲ್ಲಿ ಕಡಿಮೆ ಆಮ್ಲಜನಕ ಹಿಡಿಸುತ್ತದೆ. ಆ ಗಾಳಿ ಸಿಲಿಂಡರ್ ಸೇರುವ ಮುನ್ನ ಅದನ್ನು ತಣಿಸಿ ಮತ್ತೆ ದಟ್ಟವಾಗಿಸುವುದು ಇಂಟರ್‌ಕೂಲರ್. ಅದು ಬೇಕೇ ಬೇಕು. ಅದರ ಗಾತ್ರ ಬೆಳೆದಷ್ಟೂ ಶಕ್ತಿ ಬೆಳೆಯುತ್ತದೆ ಎಂಬ ಮುಂದಿನ ಜಿಗಿತವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಬೆಂಗಳೂರಿನವರು ಈ ನಂಬಿಕೆಗೆ ಊರಿನದೇ ಒಂದು ಕಾರಣ ಸೇರಿಸುತ್ತಾರೆ: ನಾವು ಎತ್ತರದಲ್ಲಿದ್ದೇವೆ, ಇಲ್ಲಿನ ಗಾಳಿ ತೆಳು, ಟರ್ಬೊಗೆ ಕೆಲಸ ಜಾಸ್ತಿ, ಆದ್ದರಿಂದ ಇಂಟರ್‌ಕೂಲರೂ ದೊಡ್ಡದಿರಬೇಕು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 0.91 ಬಾರ್. ಟರ್ಬೊ ಅದನ್ನು 2 ಬಾರ್‌ಗೆ ಏರಿಸಬೇಕು, ಕಂಪ್ರೆಸರಿನ ದಕ್ಷತೆ ಶೇ. 70 ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಗಾಳಿ ಒಳಹೋಗಿ ಸುಮಾರು 133 ಡಿಗ್ರಿಯಲ್ಲಿ ಹೊರಬರುತ್ತದೆ. ಮಂಗಳೂರಿನಲ್ಲಿ 32 ಡಿಗ್ರಿಯ ಗಾಳಿಗೆ ಇದೇ ಲೆಕ್ಕ ಹಾಕಿದರೆ 126 ಬರುತ್ತದೆ. ಎತ್ತರದಿಂದಾಗಿ ನಮ್ಮಲ್ಲಿ ಬಿಸಿ ಹೆಚ್ಚೆನ್ನುವುದು ಇಷ್ಟರಮಟ್ಟಿಗೆ ನಿಜ. ಆದರೆ ತಣಿಸುವ ಗಾಳಿಯೂ ನಮ್ಮಲ್ಲಿ 7 ಡಿಗ್ರಿ ತಂಪು. ಇಂಟರ್‌ಕೂಲರ್ ಆ ಏರಿಕೆಯಲ್ಲಿ ಶೇ. 75ರಷ್ಟನ್ನು ಇಳಿಸುತ್ತದೆ ಎಂದರೆ ಎಂಜಿನ್ ತಲುಪುವ ಗಾಳಿ ಬೆಂಗಳೂರಿನಲ್ಲಿ 52 ಡಿಗ್ರಿ, ಮಂಗಳೂರಿನಲ್ಲಿ 55. ಎತ್ತರ ಕಸಿದದ್ದನ್ನು ಹವೆ ಹಿಂದಿರುಗಿಸಿದೆ. ಎತ್ತರದ ನೆಪ ಇಲ್ಲಿ ನಿಲ್ಲುವುದಿಲ್ಲ.

ಈಗ ಅದೇ ಬೆಂಗಳೂರಿನ ಗಾಡಿಗೆ ದೊಡ್ಡದನ್ನು ಹಾಕಿ. ಶೇ. 75ರ ಬದಲು 85ರಷ್ಟು ತಣಿಸುತ್ತದೆ ಎಂದು ಉದಾರವಾಗಿಯೇ ಒಪ್ಪೋಣ. 52 ಡಿಗ್ರಿ 41ಕ್ಕೆ ಇಳಿಯುತ್ತದೆ. ಗಾಳಿಯ ದಟ್ಟಣೆ ಹೆಚ್ಚುವುದು ಸುಮಾರು ಶೇ. 3.5. ಹೊಸ ಕೋರ್, ಅಂದರೆ ಇಂಟರ್‌ಕೂಲರಿನೊಳಗೆ ಗಾಳಿ ಹಾಯುವ ಜಾಲರಿ, ಹಳೆಯದಕ್ಕಿಂತ 0.05 ಬಾರ್‌ನಷ್ಟು ಹೆಚ್ಚು ತಡೆ ಒಡ್ಡಿದರೂ ಅದರಲ್ಲಿ ಶೇ. 2.5 ಹೋಯಿತು. ಉದ್ದನೆಯ ಪೈಪು, ದೊಡ್ಡ ಕೋರ್ ಎಂದರೆ ಬೂಸ್ಟ್ (ಟರ್ಬೊ ತುಂಬುವ ಒತ್ತಡ) ಏರುವ ಮುನ್ನ ತುಂಬಬೇಕಾದ ಜಾಗವೂ ಹೆಚ್ಚು. ಸಿಗ್ನಲ್ ಬಿಟ್ಟಾಗ ಗಾಡಿ ಚುರುಕಾಗುವ ಬದಲು ತಡವರಿಸಬಹುದು.

ಉಳಿದ ಆ ಚೂರು ಗಾಳಿಯಾದರೂ ಶಕ್ತಿಯಾಗುತ್ತದೆಯೇ? ಬಹುಮಟ್ಟಿಗೆ ಇಲ್ಲ. ಪೆಟ್ರೋಲ್ ಎಂಜಿನ್ನಿನ ಅನುಭವವನ್ನು ಡೀಸೆಲ್ಲಿಗೆ ಹಚ್ಚುವುದರಿಂದ ಹುಟ್ಟುವ ತಪ್ಪು ಇದು. ಡೀಸೆಲ್ ಎಂಜಿನ್ ಪೂರ್ತಿ ಭಾರದಲ್ಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಇಟ್ಟುಕೊಂಡೇ ಓಡುತ್ತದೆ. ಶಕ್ತಿ ನಿರ್ಧಾರವಾಗುವುದು ಎಷ್ಟು ಇಂಧನ ಸಿಂಪಡಿಸಿದರು ಎಂಬುದರ ಮೇಲೆ, ಅದನ್ನು ಅಳೆದು ಕೊಡುವುದು ಎಂಜಿನ್ನಿನ ಗಣಕವಾದ ಇಸಿಯು. ಅದಕ್ಕೆ ಬರೆದುಕೊಟ್ಟ ಮಿತಿ ಬದಲಾಗದಿದ್ದರೆ ಹೆಚ್ಚಿನ ಗಾಳಿ ಸುಮ್ಮನೆ ಒಳಬಂದು ಹೊರಹೋಗುತ್ತದೆ. ಹೊಗೆಯ ಉಷ್ಣತೆ ಸ್ವಲ್ಪ ಇಳಿಯುತ್ತದೆ, ಎಂಜಿನ್ನಿಗೆ ಅದು ಒಳ್ಳೆಯದೇ. ಆದರೆ ಮಾಲೀಕರು ದುಡ್ಡು ಕೊಟ್ಟದ್ದು ಪಿಕಪ್ಪಿಗೆ.

ನಮ್ಮ ರಸ್ತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂಬದಿಯ ಇಂಟರ್‌ಕೂಲರ್ ಕೆಲಸ ಮಾಡುವುದು ಗಾಡಿ ಓಡುವಾಗ ಎದುರು ಬಡಿಯುವ ಗಾಳಿಯಿಂದ. ಮಿನರ್ವ ಸರ್ಕಲ್ಲಿನಿಂದ ಟೌನ್‌ಹಾಲಿನವರೆಗೆ ತೆವಳುವಾಗ, ಸಂಪಿಗೆ ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡಾಗ ಆ ಗಾಳಿ ಎಲ್ಲಿಂದ ಬರಬೇಕು? ಆಗ ಟರ್ಬೊ ಪೂರ್ತಿ ಬೂಸ್ಟ್ ಕೊಡುವ ಪ್ರಸಂಗವೂ ಇರುವುದಿಲ್ಲ. ಬದಲಿಗೆ ಬಂಪರಿನ ಹಿಂದೆ ಅಗಲವಾಗಿ ಕೂತ ಹೊಸ ಕೋರ್, ಎಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ಹೋಗುವ ಗಾಳಿಗೆ ಅಡ್ಡ ನಿಲ್ಲುತ್ತದೆ. 2009ರಲ್ಲಿ ಭಾರತಕ್ಕೆ ಬಂದ 3.0 ಲೀಟರ್ ಫಾರ್ಚೂನರ್‌ನಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ತಲೆಯ ಮೇಲೇ ಇತ್ತು, ಅದಕ್ಕೆಂದೇ ಬಾನೆಟ್ಟಿನಲ್ಲಿ ಗಾಳಿಬಾಯಿ ಇತ್ತು. ಅಂಥ ಜೋಡಣೆಯಲ್ಲಿ ನಿಂತ ಗಾಡಿಯ ಎಂಜಿನ್ ಕಾವು ಕೋರಿಗೆ ಅಡರುತ್ತದೆ, ಗಾತ್ರ ಹಿಗ್ಗಿಸಿದರೂ ಅಡರುತ್ತದೆ. ಕಾಡುದಾರಿಯಲ್ಲಿ ಲೋ ರೇಂಜ್ ಹಾಕಿ ಕೆಸರು ಹತ್ತುವಾಗಲೂ ಕತೆ ಇದೇ. ವೇಗ ಹತ್ತು ಕಿಲೋಮೀಟರ್ ಕೂಡ ಇರುವುದಿಲ್ಲ, ಕೆಸರು ಫಿನ್ನುಗಳ ನಡುವೆ ಮೆತ್ತಿಕೊಳ್ಳುತ್ತದೆ.

"ನನ್ನ ಗೆಳೆಯ ಹಾಕಿಸಿದ, ಗಾಡಿ ನಿಜವಾಗಿಯೂ ಬದಲಾಯಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬದಲಾಗಿರುತ್ತದೆ. ಆದರೆ ಏನನ್ನು ಬದಲಿಸಿದರು ಎಂದು ಕೇಳಬೇಕು. ಹೊಸ ಇಂಟರ್‌ಕೂಲರಿನ ಜೊತೆ ಹೊಸ ಹೋಸ್ ಪೈಪು, ಹೊಸ ಕ್ಲಾಂಪು ಬಂದವು. ವರ್ಷಗಳಿಂದ ಎಣ್ಣೆಯ ಆವಿ ಕುಡಿದು ಮೆತ್ತಗಾಗಿದ್ದ ರಬ್ಬರು ಹೋಯಿತು. ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರಿಗೆ ಸೇರುವ ಅಂಚಿನಲ್ಲಿದ್ದ ಸೀಳು ಹೋಯಿತು. ಟರ್ಬೊ ತುಂಬಿದ ಗಾಳಿ ಅಷ್ಟು ದಿನ ಆ ಸಂದುಗಳಿಂದ ಪೋಲಾಗುತ್ತಿತ್ತು. ಅದು ನಿಂತಿತು, ಗಾಡಿ ಎಳೆಯಿತು. ಗುಣವಾದದ್ದು ಸೋರಿಕೆ, ಹೆಸರು ಬಂದದ್ದು ಗಾತ್ರಕ್ಕೆ. ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಇದೇ ಕಾರಣ ಎಂದು ನಾನು ತಿಳಿದಿದ್ದೇನೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಒತ್ತಡ ಪರೀಕ್ಷೆ. ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ಗಾಡಿಯ ಮಾಮೂಲಿ ಬೂಸ್ಟ್ ಮೀರದಂತೆ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು. ಆಕ್ಸಿಲರೇಟರ್ ತುಳಿದಾಗ ಸುಯ್ಯೆನ್ನುವ ಸದ್ದು, ಏರಿನಲ್ಲಿ ಕಪ್ಪು ಹೊಗೆ, ಕ್ಲಾಂಪಿನ ಸುತ್ತ ಎಣ್ಣೆಯ ಒದ್ದೆ, ಇವೆಲ್ಲ ಸೋರಿಕೆಯ ಗುರುತು. ಆಮೇಲೆ ಶುಚಿ. ಹೊಂಗೆ, ಮಳೆಮರಗಳ ಕೆಳಗೆ ನಿಲ್ಲುವ ನಮ್ಮ ಗಾಡಿಗಳಲ್ಲಿ ಕೋರಿಗೂ ಕಂಡೆನ್ಸರಿಗೂ ನಡುವೆ ಎಲೆ, ಹೂವಿನ ಎಸಳು, ಧೂಳು ಸೇರಿ ಪದರವಾಗುತ್ತದೆ. ಅದನ್ನು ಹಿಂಬದಿಯಿಂದ ಮೆಲ್ಲನೆ ನೀರು ಬಿಟ್ಟು ತೆಗೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹೊಡೆದರೆ ಫಿನ್ನು ಮಡಚಿ ಗಾಳಿದಾರಿಯೇ ಮುಚ್ಚಿಹೋಗುತ್ತದೆ.

ಒಳಗಿನ ಎಣ್ಣೆಯ ಮಾತು ಇನ್ನೂ ಗಂಭೀರ. ಟರ್ಬೊ ಸೀಲು ಹೋದಾಗ ಎಣ್ಣೆ ಇಂಟರ್‌ಕೂಲರಿನ ತಳದಲ್ಲಿ ಸೇರುತ್ತದೆ. ಒಂದು ಏರಿನಲ್ಲಿ ಜೋರಾಗಿ ತುಳಿದಾಗ ಆ ಎಣ್ಣೆ ಒಮ್ಮೆಲೇ ಎಂಜಿನ್ ಹೊಕ್ಕರೆ ಅದೇ ಇಂಧನವಾಗುತ್ತದೆ. ಕೀ ತಿರುಗಿಸಿದರೂ ಎಂಜಿನ್ ನಿಲ್ಲದೆ ತನ್ನಷ್ಟಕ್ಕೆ ರೇಸ್ ಆಗಿ ಒಡೆದುಹೋಗಬಹುದು. ಟರ್ಬೊದ ಚಕ್ರ ಮುರಿದಿದ್ದರಂತೂ ಲೋಹದ ಚೂರುಗಳು ಕೋರಿನೊಳಗೆ ಉಳಿದಿರುತ್ತವೆ, ಎಷ್ಟು ತೊಳೆದರೂ ಪೂರ್ತಿ ಹೋದವೆಂದು ನೆಚ್ಚುವಂತಿಲ್ಲ. ಅಲ್ಲಿ ಇಂಟರ್‌ಕೂಲರ್ ಬದಲಾಯಿಸಲೇಬೇಕು. ಶೋಕಿಗೆ ದೊಡ್ಡದು ಹಾಕಿಸುವವರೇ, ಈ ಬದಲಾವಣೆಯ ಮಾತು ಬಂದಾಗ ಖರ್ಚು ಉಳಿಸಲು ಹಳೆಯದನ್ನೇ ಒರೆಸಿ ಕೂರಿಸಲು ಒಪ್ಪುತ್ತಾರೆ. ಇದು ನನಗೆ ಸಂಕಟದ ಸಂಗತಿ.

ದೊಡ್ಡದು ಎಲ್ಲೂ ಬೇಡ ಎನ್ನುತ್ತಿಲ್ಲ. ಭಾರ ಎಳೆದುಕೊಂಡು ಶಿರಾಡಿಯಂಥ ಘಾಟಿಯನ್ನು ಮತ್ತೆಮತ್ತೆ ಹತ್ತುವ ಗಾಡಿಗೆ ಹೊಗೆಯ ಉಷ್ಣತೆ ಇಳಿಯುವುದೇ ಲಾಭ. ರೀಮ್ಯಾಪ್ ಮಾಡಿ ಇಂಧನ, ಬೂಸ್ಟ್ ಎರಡನ್ನೂ ಏರಿಸಿದ ಎಂಜಿನ್ನಿಗೆ ಅದು ಅಗತ್ಯವೂ ಹೌದು. ಆದರೆ ರೀಮ್ಯಾಪ್ ಎಂದರೆ ಬೇರೆಯದೇ ನಿರ್ಧಾರ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾಲಿನ್ಯ ನಿಯಮದ ಡೀಸೆಲ್ ಗಾಡಿಗಳಲ್ಲಿ ಇಂಧನದ ಲೆಕ್ಕವೂ ಹೊಗೆ ಸೋಸುವ ವ್ಯವಸ್ಥೆಯೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಇನ್ನೊಂದು ಕೆಡುತ್ತದೆ. ಕೆಟ್ಟ ಹೊಗೆಯನ್ನು ಕುಡಿಯುವವರು ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದುಹೋಗುವ ಮಕ್ಕಳು, ಮುದುಕರು. ಮಾಲಿನ್ಯ ತಪಾಸಣೆಯ ಚೀಟಿ ಇದೆಯಲ್ಲ ಎನ್ನಬೇಡಿ. ನಿಂತಲ್ಲೇ ರೇಸ್ ಕೊಟ್ಟು ಅಳೆಯುವಾಗ ಎಂಜಿನ್ ಮೇಲೆ ಭಾರವಿಲ್ಲ, ಬೂಸ್ಟ್ ಪೂರ್ತಿ ಏರುವುದಿಲ್ಲ. ಏರಿನಲ್ಲಿ ಕಪ್ಪು ಕಾರುವ ಗಾಡಿಯೂ ಅಲ್ಲಿ ಪಾಸಾಗಬಹುದು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ದಮ್ಮು ಸಾಲದೆಂದು ಬಂದ ಪ್ರತಿ ಟರ್ಬೊ ಡೀಸೆಲ್ಲಿಗೂ ಗ್ಯಾರೇಜಿನವರು ಮೊದಲು ಒತ್ತಡ ಪರೀಕ್ಷೆ ಮಾಡಿ, ಫಲಿತಾಂಶವನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಲಿ. ಎಲ್ಲಿ ಸೋರುತ್ತಿತ್ತು, ಏನು ಬದಲಿಸಿದೆವು, ಆಮೇಲೆ ಬೂಸ್ಟ್ ಎಷ್ಟು ಬಂತು ಎಂಬುದು ಅದರಲ್ಲಿರಲಿ. ಮಾಲೀಕರು ಅದನ್ನು ಕೇಳಿ ಪಡೆಯಲಿ, ಆ ಕೆಲಸಕ್ಕೆ ತಕ್ಕ ಕೂಲಿಯನ್ನೂ ಮನಸಾರೆ ಕೊಡಲಿ. ಪರೀಕ್ಷೆಗೆ ದುಡ್ಡು ಕೊಡದೆ ಬಿಡಿಭಾಗಕ್ಕೆ ಮಾತ್ರ ಕೊಡುವ ಗಿರಾಕಿಗೆ ಬಿಡಿಭಾಗವೇ ಸಿಗುತ್ತದೆ. ಸೋರಿಕೆ ಇಲ್ಲ, ಕೋರ್ ಶುಚಿಯಾಗಿದೆ, ಆದರೂ ಹೆಚ್ಚಿನ ಭಾರಕ್ಕೆ ಇದು ಸಾಲದು ಎಂದು ಆ ಕಾರ್ಡು ಹೇಳಿದ ದಿನ ದೊಡ್ಡ ಇಂಟರ್‌ಕೂಲರಿನ ಮಾತು ತೆಗೆಯೋಣ.